ಯುರೇನಿಯಂ ಲೆಕ್ಕ ನೋಡೋ ನೌಕರಿ ಬಗ್ಗೆ ಕೇಳಿದವ್ರಿಗೆ

ಗೋಗಿ ಅಂದ್ರ ನಮ್ ಕಡಿ ಮಂದಿಗೆ ಮೊದಲು ನೆನಪಾಗೋದು ದರ್ಗಾ. ಯಾದಗಿರಿ ಜಿಲ್ಲಾ ಶಹಾಪುರ ತಾಲೂಕಿನ ಊರು, ಬಿಜಾಪುರದ ಆದಿಲ್‌ಶಾಹಿ ಶುರು ಮಾಡಿದ ಯೂಸುಫ್ ಆದಿಲ್ ಶಾನ ಗೋರಿ ಅಲ್ಲೇ ಅದ. ನಮ್ಮವ್ವನ ತವರುಮನಿ ಅಲ್ಲಿಂದ ದೂರ ಇಲ್ಲ. ನಾನು ಡಿಗ್ರಿ ಓದೋ ಹೊತ್ತಿಗೆ ಆ ಊರ ಹೆಸರು ಬ್ಯಾರೆ ಕಾರಣಕ್ಕ ಪೇಪರ್‌ನಾಗ ಬರ್ಲಿಕ್ಕೆ ಹತ್ತಿತ್ತು, ಯುರೇನಿಯಂ. ಅಣುಶಕ್ತಿ ಇಲಾಖೆಯೊಳಗ ಯುರೇನಿಯಂ ಹುಡುಕೋ ಎಎಂಡಿ ಮಂದಿ ಭೀಮಾ ಬೇಸಿನ್ನಿನ ಸುಣ್ಣಕಲ್ಲಿನಾಗ, ಅದರ ಕೆಳಗಿನ ಗ್ರಾನೈಟ್‌ನಾಗ ಬೋರ್ ಹೊಡದು ಹೊಡದು ನೋಡಿದ್ರು, ಗಣಿ ಆಗ್ತದ ಅಂತ ಒಂದ್ ಸುದ್ದಿ, ಆಗಬಾರ್ದು ಅಂತ ಊರ ಮಂದಿ ಹೋರಾಟ, ಬಾವಿ ನೀರು ಕುಡಿಬೇಕೋ ಬ್ಯಾಡೋ ಅಂತ ಹೆಣ್ಮಕ್ಕಳ ಚಿಂತಿ. ಮನ್ಯಾಗ ಊಟಕ್ಕ ಕುಂತ್ರ ಅದೇ ಮಾತು.

ಆಮ್ಯಾಲೆ ಎಂಎ ಓದ್ಲಿಕ್ಕೆ ದಿಲ್ಲಿಗೆ ಹೋದೆ, ಇಂಟರ್‌ನ್ಯಾಷನಲ್ ರಿಲೇಷನ್ಸ್. ಅಲ್ಲಿ ಲೈಬ್ರರಿಯೊಳಗ ಭಾರತದ ಅಣು ಒಪ್ಪಂದದ ಮ್ಯಾಲ ವಿದೇಶಿ ಸಂಶೋಧಕರೊಬ್ಬರು ಬರೆದ ಲೇಖನ ಓದ್ತಿದ್ದೆ, ಒಂದು ಟೇಬಲ್‌ನಾಗ ಜಾದುಗುಡ, ತುಮ್ಮಲಪಲ್ಲಿ ಇಂಥ ಯುರೇನಿಯಂ ಗಣಿ ಹೆಸರು ಬಂದು ಅವುಗಳ ಜೋಡಿ ಗೋಗಿ. ನಮ್ ಗೋಗಿ! ಅವ್ರ ವಾದ ಏನಂದ್ರ, 2008ರ ಸೆಪ್ಟೆಂಬರ್‌ನಾಗ ಎನ್‌ಎಸ್‌ಜಿ ಅಂದ್ರ ಅಣು ಸರಕು ಮಾರೋ ದೇಶಗಳ ಕೂಟ ಭಾರತಕ್ಕ ವಿನಾಯಿತಿ ಕೊಡ್ತು, ಈಗ ಹೊರಗಿಂದ ಯುರೇನಿಯಂ ತಂದು ಕರೆಂಟ್ ಮಾಡ್ಬಹುದು, ಹೊರಗಿಂದ ತಂದ ಮಾಲಿಗೆ ಅಂತರರಾಷ್ಟ್ರೀಯ ಕಾವಲು ಇರ್ತದ, ಆದ್ರ ಒಳಗಿನ ಗಣಿ ಮಾಲಿಗೆ ಆ ಕಾವಲು ಇಲ್ಲ, ಹಂಗಾದ್ರ ಒಳಗಿನದು ಬಾಂಬಿಗೆ ಉಳೀತದಲ್ಲ ಅಂತ. ಅದು ಎಷ್ಟು ಖರೆ ಎಷ್ಟು ಸುಳ್ಳು ಅನ್ನೋದು ದೊಡ್ಡ ಚರ್ಚೆ, ಇವತ್ತಿಗೂ ನಡದದ. ಆದ್ರ ಆವತ್ತು ನನ್ನ ಮನಸಿಗೆ ತಟ್ಟಿದ್ದು ಬ್ಯಾರೆ. ನಮ್ ಅಜ್ಜಿ ಊರಿನವ್ರು ಬಾವಿ ನೀರಿನ ಚಿಂತಿ ಮಾಡೋ ಹೊತ್ತಿನಾಗ ಎಲ್ಲೋ ದೂರ ಕುಂತವ್ರು ಅದೇ ನೆಲದ ಕಲ್ಲನ್ನ ಬಾಂಬಿನ ಲೆಕ್ಕದಾಗ ಸೇರಿಸಿ ನೋಡ್ತಿದ್ರು, ಮತ್ತ ಆ ಲೆಕ್ಕ ಓದಿ ಸರಿ ಅದನೋ ಇಲ್ಲೋ ಹೇಳೋರು ನಮ್ ಕಡಿಯಿಂದ ಒಬ್ಬರೂ ಇದ್ದಿಲ್ಲ. ನಾನು ಕಲೀಬೇಕು ಅನ್ನಿಸಿದ್ದು ಅಲ್ಲಿಂದ.

ಈಗ ಭಾಳ ವರ್ಷದಿಂದ ಇದೇ ಕೆಲಸ. ಅಣ್ವಸ್ತ್ರ ಹರಡದಂಗ ನೋಡ್ಕೊಳ್ಳೋ ನೀತಿ ಅದಲ್ಲ, ಅದರ ಅನಲಿಸ್ಟ್. ದಿಲ್ಲಿಯೊಳಗಿನ ಒಂದು ಥಿಂಕ್ ಟ್ಯಾಂಕ್‌ಗೆ ಕೆಲಸ ಮಾಡ್ತೀನಿ, ವರ್ಷದಾಗ ಅರ್ಧ ಕಲಬುರಗಿ ಮನಿಯಿಂದನೇ. ಇತ್ತೀಚಿಗೆ ಕಡಗಂಚಿ ಯೂನಿವರ್ಸಿಟಿ ಹುಡುಗ್ಯಾರು, ನಮ್ ಕಾಕಾನ ಮಗ, ಅವನ ಗೆಳೆಯರು ಎಲ್ಲಾರೂ ಕೇಳ್ತಾರ, ಅಕ್ಕಾ ಇದು ಏನ್ ನೌಕರಿ, ಹೆಂಗ ಸೇರೋದು, ಫಿಸಿಕ್ಸ್ ಬೇಕಾ, ಇಂಗ್ಲಿಷ್ ಎಷ್ಟು ಬೇಕು. ಒಬ್ಬೊಬ್ಬರಿಗೂ ಫೋನಿನಾಗ ಅರ್ಧಂಬರ್ಧ ಹೇಳೋದಕ್ಕಿಂತ ಒಂದ್ ಸಲ ಪೂರ್ತಿ ಬರೆದು ಬಿಡೋಣ ಅಂತ ಕುಂತೀನಿ.

ಮೊದಲು ಒಂದ್ ಮಾತು. ಮಂದಿ ತಿಳ್ಕೊಂಡಿರೋದು ನಾವು ಬಾಂಬ್ ಕೆಟ್ಟದ್ದು ಅಂತ ಭಾಷಣ ಮಾಡೋ ಮಂದಿ ಅಂತ. ಬಾಂಬ್ ಕೆಟ್ಟದ್ದು ಅನ್ನೋದ್ರಾಗ ನನಗೇನೂ ಅನುಮಾನ ಇಲ್ಲ, ಆದ್ರ ದಿನಾ ಮಾಡೋ ಕೆಲಸ ಅದಲ್ಲ. ದಿನಾ ಮಾಡೋದು ಲೆಕ್ಕ. ಯಾವ ದೇಶದ ಹತ್ರ ಎಷ್ಟು ಮಾಲು ಅದ ಅಂತ ಅವ್ರು ಹೇಳ್ತಾರ, ತನಿಖೆ ಮಾಡಿದವ್ರು ಎಷ್ಟು ಅಂತ ಬರೀತಾರ, ಎರಡರ ನಡುವ ಎಷ್ಟು ಫರಕು, ಆ ಫರಕು ಯಾಕ.

ನಮ್ಮಪ್ಪ ಕಲಬುರಗಿಯ ಒಂದು ದಾಲ್ ಮಿಲ್‌ನಾಗ ಮುನೀಮ ಇದ್ರು, ನೆಹರು ಗಂಜ್‌ನಾಗ ಅವ್ರಿಗೆ ಗೊತ್ತಿಲ್ಲದ ಅಡತ್ ಅಂಗಡಿ ಇಲ್ಲ. ಅವ್ರ ರಜಿಸ್ಟರ್ ನೋಡಿನೇ ನಾನು ಬೆಳೆದದ್ದು. ತೊಗರಿ ಇಷ್ಟು ಕ್ವಿಂಟಲ್ ಒಳಗ ಬಂತು, ಬ್ಯಾಳಿ ಇಷ್ಟು ಹೊರಗ ಹೋಯ್ತು, ನುಚ್ಚು ಇಷ್ಟು, ಚುನ್ನಿ ಇಷ್ಟು, ಹೊಟ್ಟು ಇಷ್ಟು, ಗೋದಾಮಿನಾಗ ಉಳಿದದ್ದು ಇಷ್ಟು, ಎಲ್ಲಾ ಕೂಡಿಸಿದ್ರ ಒಳಗ ಬಂದ ತೂಕಕ್ಕ ಹೊಂದ್ಬೇಕು. ಪೂರ್ತಿ ಎಂದೂ ಹೊಂದಂಗಿಲ್ಲ, ಧೂಳು ಹಾರ್ತದ, ತೇವ ಆರ್ತದ, ತಕ್ಕಡಿ ಸ್ವಲ್ಪ ಆ ಕಡಿ ಈ ಕಡಿ. ಅಪ್ಪಗ ಗೊತ್ತಿರ್ತಿತ್ತು, ಎಷ್ಟು ಕಮ್ಮಿ ಬಿದ್ರ ಅದು ಧೂಳು, ಎಷ್ಟು ಕಮ್ಮಿ ಬಿದ್ರ ರಾತ್ರಿ ಯಾರೋ ಚೀಲ ಹೊತ್ತಾರ ಅಂತ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಐಎಇಎ, 1957ರಾಗ ಹುಟ್ಟಿದ್ದು, ವಿಯೆನ್ನಾದಾಗ ಅದ, ಅದರ ಇನ್‌ಸ್ಪೆಕ್ಟರ್‌ಗಳು ಫ್ಯಾಕ್ಟರಿಗೆ ಹೋಗಿ ಮಾಡೋದು ಇದೇ ಕೆಲಸ. ಬಂದದ್ದು, ಹೋದದ್ದು, ಉಳಿದದ್ದು, ಲೆಕ್ಕಕ್ಕ ಸಿಗದೇ ಹೋದದ್ದು. ಒಂದೇ ಫರಕು, ಇಲ್ಲಿ 8 ಕಿಲೋ ಪ್ಲುಟೋನಿಯಂ ಲೆಕ್ಕಕ್ಕ ಸಿಗ್ಲಿಲ್ಲ ಅಂದ್ರ ಒಂದು ಬಾಂಬ್ ಆಗ್ಬಹುದು ಅಂತ ಹಿಡೀಬೇಕು. ಬಾಂಬ್ ಮಟ್ಟಕ್ಕ ಹತ್ತಿರದ ಯುರೇನಿಯಂ ಆದ್ರ, ಅದರಾಗಿನ ಬಾಂಬಿಗೆ ಬರೋ ಭಾಗ ಅಷ್ಟೇ ಎಣಿಸಿ 25 ಕಿಲೋ. ಈ ಎರಡು ಅಂಕಿ ಈ ಕೆಲಸದಾಗ ಇರೋ ಎಲ್ಲಾರಿಗೂ ಬಾಯಿಪಾಠ.

ಜಪಾನಿನ ಟೋಕಾಯ್ ಅಂತ ಒಂದು ಊರು, ಅಲ್ಲಿ ಉರಿದ ಇಂಧನದಿಂದ ಪ್ಲುಟೋನಿಯಂ ಬ್ಯಾರೆ ಮಾಡೋ ಪ್ಲಾಂಟ್ ಇತ್ತು. 2003ರಾಗ ಅವ್ರೇ ಲೆಕ್ಕ ಹಾಕಿ ಹೇಳಿದ್ರು, ಇಷ್ಟು ವರ್ಷದಾಗ ಕೂಡಿ 206 ಕಿಲೋ ಪ್ಲುಟೋನಿಯಂ ಹೊಂದ್ಲಿಲ್ಲ ಅಂತ. ಕಳ್ಳತನ ಅಂತ ಯಾರೂ ಅನ್ಲಿಲ್ಲ, ಜಪಾನ್ ಎಲ್ಲಾ ಬಾಗಿಲು ತೆರೆದು ತೋರ್ಸೋ ದೇಶ, ಆಮ್ಯಾಲೆ ಕಸದಾಗ ಹೋದದ್ದು, ತಾನಾಗೇ ಕ್ಷಯಿಸಿ ಬ್ಯಾರೆ ಧಾತು ಆದದ್ದು ಎಲ್ಲಾ ಲೆಕ್ಕ ಹಿಡಿದು ಆ ಅಂಕಿ ಭಾಳ ಇಳಿಸಿದ್ರು. ಆದ್ರ 8 ಕಿಲೋದಿಂದ ಭಾಗ ಮಾಡಿ ನೋಡ್ರಿ. ದೊಡ್ಡ ಪ್ಲಾಂಟ್ ಆದ್ರ ಅಳತಿಯೊಳಗಿನ ಸಣ್ಣ ತಪ್ಪಿನಾಗೇ ಬಾಂಬುಗಳು ಅಡಗಿ ಕುಂದ್ರಬಹುದು. ರೊಕ್ಕಾಶೋದಾಗ ಅವ್ರು ಕಟ್ಟಿದ ಹೊಸ ಪ್ಲಾಂಟ್ ವರ್ಷಕ್ಕ 800 ಟನ್ ಇಂಧನ ಸಂಸ್ಕರಿಸ್ಲಿಕ್ಕೆ ಅಂತ ಕಟ್ಟಿದ್ದು, ಪೂರ್ತಿ ನಡದ್ರ ವರ್ಷಕ್ಕ ಸುಮಾರು 8 ಟನ್ ಪ್ಲುಟೋನಿಯಂ, ಅಳತಿ ಶೇಕಡಾ ಒಂದು ತಪ್ಪಿದ್ರೂ 80 ಕಿಲೋ. ಅದಕ್ಕ ಇಂಥ ಕಡಿ ಬರೇ ತಕ್ಕಡಿ ನಂಬಂಗಿಲ್ಲ, ಕ್ಯಾಮೆರಾ ಬೇಕು, ಸೀಲ್ ಬೇಕು, ಮನುಷ್ಯ ಅಲ್ಲೇ ಇರ್ಬೇಕು.

ಲೆಕ್ಕದ ತಾಕತ್ತು ಏನು ಅಂತ ತಿಳೀಬೇಕಂದ್ರ ಉತ್ತರ ಕೊರಿಯಾದ ಕಥಿ ಓದ್ಬೇಕು. 1992ರಾಗ ಅವ್ರು ಇನ್‌ಸ್ಪೆಕ್ಟರ್‌ಗಳನ್ನ ತಮ್ಮ ಅಣು ಕೇಂದ್ರ ಯೋಂಗ್‌ಬ್ಯೋನ್‌ಗೆ ಬಿಟ್ಕೊಂಡ್ರು. ನಾವು ಒಂದೇ ಸಲ, ಅದೂ ಬರೇ 90 ಗ್ರಾಂ ಪ್ಲುಟೋನಿಯಂ ತಗದೀವಿ ಅಂದ್ರು. ತೊಂಬತ್ತು ಗ್ರಾಂ ಅಂದ್ರ ಚಿಟಿಕಿ. ಇವ್ರು ಅಲ್ಲಿನ ಗ್ಲವ್ ಬಾಕ್ಸ್, ಉಪಕರಣ ಎಲ್ಲಾ ಬಟ್ಟಿಯಿಂದ ಒರೆಸಿ ತಂದು ಪರೀಕ್ಷಾ ಮಾಡಿದ್ರ ಅದರಾಗಿನ ಪ್ಲುಟೋನಿಯಂ ವಯಸ್ಸು ಬ್ಯಾರೆ ಬ್ಯಾರೆ ಬಂತು, ಒಂದಲ್ಲ, ಬ್ಯಾರೆ ಬ್ಯಾರೆ ಹೊತ್ತಿನಾಗ ಕಮ್ಮಿ ಅಂದ್ರ ಮೂರು ಸಲ ತಗದಾರ ಅಂತ ಗೊತ್ತಾತು. ಹೇಳಿದ್ದಕ್ಕೂ ಇದ್ದದ್ದಕ್ಕೂ ಹೊಂದ್ಲಿಲ್ಲ. ಅಲ್ಲಿಂದ ಶುರುವಾದ ಜಗಳನೇ 1993ರಾಗ ಅವ್ರು, ಅಣ್ವಸ್ತ್ರ ಹರಡಬಾರ್ದು ಅನ್ನೋ ಎನ್‌ಪಿಟಿ ಒಪ್ಪಂದ ಬಿಡ್ತೀವಿ ಅನ್ನೋ ಮಟ್ಟಕ್ಕ ಹೋಗಿ, 1994ರಾಗ ಅಮೆರಿಕದ ಜೋಡಿ ಒಂದು ತಾತ್ಪೂರ್ತಿಕ ರಾಜಿ ಆಗಿ, ಅದು ಮುರಿದು, 2003ರಾಗ ಪೂರ್ತಿ ಹೊರಗ ಹೋಗಿ, 2006ರಾಗ ಬಾಂಬ್ ಸಿಡಿಸಿದ್ರು. ಲೆಕ್ಕ ತಪ್ಪು ಅಂತ ಕಂಡುಹಿಡದ್ರೂ ತಡೀಲಿಕ್ಕೆ ಆಗ್ಲಿಲ್ಲ, ಇದು ನನಗ ಇವತ್ತಿಗೂ ಚುಚ್ಚೋ ಮಾತು. ಕಂಡುಹಿಡಿಯೋದು ಇನ್‌ಸ್ಪೆಕ್ಟರ್ ಕೆಲಸ, ತಡೆಯೋದು ರಾಜಕಾರಣಿ ಕೆಲಸ, ಆ ಎರಡರ ನಡುವಿನ ಜಾಗದಾಗ ನಮ್ಮಂಥವ್ರು ಕುಂತು ಇದರ ಅರ್ಥ ಇದು, ಈಗ ಇಷ್ಟು ಟೈಮ್ ಅದ, ಇಂಥ ದಾರಿ ಅವ ಅಂತ ಬರೀಬೇಕಾಗ್ತದ.

ಉಲ್ಟಾ ಕಥಿನೂ ಅದ, ನನಗ ಭಾಳ ಸೇರೋದು. ದಕ್ಷಿಣ ಆಫ್ರಿಕಾ ಗುಟ್ಟಾಗಿ ಆರು ಬಾಂಬ್ ಮಾಡಿ ಇಟ್ಕೊಂಡಿತ್ತು, ತಾನೇ ಬಿಚ್ಚಿ ಹಾಕ್ತು, 1991ರಾಗ ಎನ್‌ಪಿಟಿ ಸೇರ್ತು, 1993ರ ಮಾರ್ಚ್‌ನಾಗ ಅಧ್ಯಕ್ಷ ಡಿ ಕ್ಲಾರ್ಕ್ ಪಾರ್ಲಿಮೆಂಟಿನಾಗ ನಿಂತು ಹೌದು ನಮ್ಮ ಹತ್ರ ಇದ್ದವು ಅಂತ ಹೇಳಿದ್ರು. ಈಗ ಐಎಇಎ ಮುಂದ ಪ್ರಶ್ನೆ, ಎಲ್ಲಾ ಕೊಟ್ಟಾರ ಅಂತ ನಂಬೋದು ಹೆಂಗ? ಒಂದೆರಡು ಬಾಂಬಿನ ಮಾಲು ಎಲ್ಲರ ಮುಚ್ಚಿಟ್ರ? ಅವ್ರು ಏನ್ ಮಾಡಿದ್ರು ಅಂದ್ರ ವಾಲಿಂದಾಬಾ ಫ್ಯಾಕ್ಟರಿಯ ಹಳೇ ದಿನಚರಿ ರಜಿಸ್ಟರ್‌ಗಳನ್ನೆಲ್ಲ ತಗಸಿ, ದಿನದ ಲೆಕ್ಕ ದಿನಕ್ಕ ಓದಿ, ಯಾವಾಗ ಮಷೀನ್ ನಡೀತು ಯಾವಾಗ ನಿಂತ್ತು ಎಷ್ಟು ಮಾಲು ಬಂತು ಅಂತ ಕೂಡಿಸಿ ನೋಡಿದ್ರು. ಹೊಂದ್ತು. ಯಾವನೋ ಶಿಫ್ಟಿನ ಆಪರೇಟರ್ ತಪ್ಪದೇ ಬರೆದಿಟ್ಟ ಕೈಬರಹದ ಮ್ಯಾಲ ಒಂದು ದೇಶದ ಮಾತಿಗೆ ಕಿಮ್ಮತ್ತು ಬಂತು. ಇದನ್ನ ಅಪ್ಪಗ ಹೇಳಿದಾಗ ಅವ್ರಿಗಾದ ಖುಷಿ ನೋಡ್ಬೇಕಿತ್ತು.

ಫಿಸಿಕ್ಸ್ ಬೇಕಾ ಅಂತ ಕೇಳಿದವ್ರಿಗೆ, ಡಿಗ್ರಿ ಬೇಕಿಲ್ಲ, ಹೆದರಿಕಿ ಬಿಡಬೇಕು ಅಷ್ಟ. 2025ರ ಜೂನ್‌ನಾಗ ಇಸ್ರೇಲ್, ಆಮ್ಯಾಲೆ ಅಮೆರಿಕ ಕೂಡಿ ಇರಾನಿನ ನತಾಂಜ್, ಫೋರ್ಡೋ, ಇಸ್ಫಹಾನ್ ಅಣು ಸ್ಥಾವರಗಳ ಮ್ಯಾಲ ಬಾಂಬ್ ಹಾಕಿದಾಗ ಕಾಕಾನ ಮಗ ಫೋನ್ ಮಾಡಿ, ಅಕ್ಕಾ ಟಿವಿಯೊಳಗ 60 ಪರ್ಸೆಂಟ್ 60 ಪರ್ಸೆಂಟ್ ಅಂತಾರ, ಬಾಂಬಿಗೆ 90 ಬೇಕಂತಲ್ಲ, ಇನ್ನ 30 ದೂರ ಅದಲ್ಲ ಅಂದ. ನಾನು ಅವಗ ಒಂದು ಹಾಳಿ ತಗೋ ಅಂದೆ. ನೆಲದಿಂದ ತಗದ ಯುರೇನಿಯಂನಾಗ ಸಾವಿರ ಪರಮಾಣು ಎಣಿಸಿದ್ರ ಕೆಲಸಕ್ಕ ಬರೋ 235 ಅನ್ನೋವು ಬರೇ 7. ಉಳಿದ 993 ಬ್ಯಾಡಾದವು. ಕರೆಂಟಿನ ರಿಯಾಕ್ಟರಿಗೆ 4 ಪರ್ಸೆಂಟ್ ಬೇಕಂದ್ರ ಬ್ಯಾಡಾದವು 825 ತಗದು ಹಾಕ್ಬೇಕು, 175 ಉಳೀತಾವ, ಅದರಾಗ ನಮ್ಮ 7. ಈಗ 20 ಪರ್ಸೆಂಟ್ ಮಾಡು, ಇನ್ನ 140 ತಗಿ, 35 ಉಳೀತಾವ. 60 ಮಾಡ್ಬೇಕಂದ್ರ ಇನ್ನ 23 ತಗದ್ರ ಮುಗೀತು, 12 ಉಳದವು. ಅಲ್ಲಿಂದ 90ಕ್ಕ ಹೋಗ್ಲಿಕ್ಕೆ ಎಷ್ಟು ತಗೀಬೇಕು ಹೇಳು. ಅಂವ ಸ್ವಲ್ಪ ಹೊತ್ತು ಸುಮ್ನಿದ್ದು ನಾಲ್ಕು ಅಂದ. ಹೌದು, ನಾಲ್ಕು. ಹಿಂಗ 235ರ ಪಾಲು ಏರಿಸೋದಕ್ಕ ಎನ್‌ರಿಚ್ ಅಂತಾರ, ಅದನ್ನ ಮಾಡೋ ಗರಗರ ತಿರುಗೋ ಮಷೀನ್ ಸೆಂಟ್ರಿಫ್ಯೂಜ್. ಖರೆ ಸೆಂಟ್ರಿಫ್ಯೂಜ್ ಲೆಕ್ಕದಾಗ ಇದಕ್ಕಿಂತ ಕಚಪಿಚ ಇರ್ತದ, ಒಂದಿಷ್ಟು 235 ಕಸದ ಜೋಡಿನೂ ಹೋಗ್ತಾವ, ಆದ್ರ ಸಾರಾಂಶ ಇದೇ, 60ಕ್ಕ ಬಂದವ್ರು ಹೆಚ್ಚುಕಮ್ಮಿ ಎಲ್ಲಾ ದಾರಿ ನಡದು ಮುಗಿಸ್ಯಾರ. 2015ರ ಒಪ್ಪಂದದಾಗ ಇರಾನಿಗೆ 3.67 ಪರ್ಸೆಂಟ್, 300 ಕಿಲೋ ಅಂತ ಗೆರಿ ಹಾಕಿದ್ದು ಯಾಕ ಅಂತ ಈ ಹಾಳಿ ನೋಡಿದ್ರ ಬಿಎ ಹುಡುಗಗೂ ತಿಳೀತದ. ಆ ಒಪ್ಪಂದದಿಂದ ಅಮೆರಿಕ 2018ರ ಮೇ ತಿಂಗಳಿನಾಗ ಹೊರಗ ಬಂತು, ಇರಾನ್ 2021ರಿಂದ 60ಕ್ಕ ಏರಿಸ್ತು, ಬಾಂಬ್ ಬೀಳೋ ಹೊತ್ತಿಗೆ ಅವ್ರ ಹತ್ರ 440 ಕಿಲೋ ಆಸುಪಾಸು ಅಂಥ ಮಾಲಿತ್ತು ಅಂತ ಐಎಇಎ ಲೆಕ್ಕ. ಇಂಥದ್ದು 42 ಕಿಲೋ ಇದ್ರ, ಮುಂದ 90ಕ್ಕ ಏರಿಸಿದ್ರ ಒಂದು ಬಾಂಬಿಗಾಗೋ ಮಾಲು ಅಂತ ಅವ್ರು ಹಿಡೀತಾರ. ಭಾಗಾಕಾರ ನೀವೇ ಮಾಡ್ರಿ.

ಹಂಗಂತ ಮಾಲು ಇತ್ತು ಅಂದ ಕೂಡ್ಲೆ ಬಾಂಬ್ ಮಾಡ್ತಿದ್ರು ಅಂತ ಬರೆಯೋ ಹಂಗಿಲ್ಲ. ಇದು ಈ ಕೆಲಸದಾಗ ಎಲ್ಲಕ್ಕಿಂತ ಕಠಿಣ ಭಾಗ, ಕೈಲಿಂದ ಆಗ್ತದ ಅನ್ನೋದು ಬ್ಯಾರೆ, ಮಾಡ್ಬೇಕಂತ ಮನಸ್ಸು ಮಾಡ್ಯಾರ ಅನ್ನೋದು ಬ್ಯಾರೆ, ಎರಡನ್ನೂ ಒಂದೇ ವಾಕ್ಯದಾಗ ಕಲಸಿ ಬರೆದ್ರ ಯುದ್ಧಕ್ಕ ಕಾಗದ ಒದಗಿಸಿದಂಗ ಆಗ್ತದ. 2003ರಾಗ ಟೆಹರಾನಿನ ಕಲಾಯೆ ಎಲೆಕ್ಟ್ರಿಕ್ ಅನ್ನೋ ವರ್ಕ್‌ಶಾಪಿಗೆ ಇನ್‌ಸ್ಪೆಕ್ಟರ್‌ಗಳು ಹೋದಾಗ ಗೋಡಿ, ನೆಲ ಎಲ್ಲಾ ಹೊಸದು ಮಾಡಿಟ್ಟಿದ್ರು. ಆದ್ರೂ ಹತ್ತಿ ಬಟ್ಟಿಯಿಂದ ಒರೆಸಿ ವಿಯೆನ್ನಾ ಹತ್ರದ ಸೈಬರ್ಸ್‌ಡಾರ್ಫ್ ಲ್ಯಾಬಿನ ಕಡಿಂದ ನೋಡಿಸಿದ್ರ ಕಣ್ಣಿಗೆ ಕಾಣದ ಕಣಗಳು ಸಿಕ್ಕವು, ಅದೂ ಭಾರೀ ಎನ್‌ರಿಚ್ ಆದ ಯುರೇನಿಯಂ. ಎಲ್ಲಾ ಕಡಿ ಸಿಕ್ಕಿಬಿದ್ರು ಅಂತ ಸುದ್ದಿ. ಇರಾನ್ ಅಂತು, ಇವು ನಾವು ಮಾಡಿದ್ದಲ್ಲ, ಹೊರಗಿಂದ ತಂದ ಸೆಂಟ್ರಿಫ್ಯೂಜ್ ಬಿಡಿಭಾಗಗಳ ಜೋಡಿ ಬಂದವು ಅಂತ. ಭಾಳ ಮಂದಿ ನಂಬ್ಲಿಲ್ಲ. 2005ರಾಗ ಪಾಕಿಸ್ತಾನ ತನ್ನ ಬಿಡಿಭಾಗ ಕೊಟ್ಟು ಐಎಇಎ ಹೋಲಿಸಿ ನೋಡಿದ್ರ ಆ ಕಣಗಳ ಮಟ್ಟಿಗೆ ಇರಾನ್ ಹೇಳಿದ್ದು ಹೆಚ್ಚುಕಮ್ಮಿ ಹೊಂದ್ತು. ಪಾಕಿಸ್ತಾನದ ಅಣು ವಿಜ್ಞಾನಿ ಎ.ಕ್ಯೂ. ಖಾನ್ ಮಂದಿ ಮಾರಿದ ಹಳೇ ಮಾಲಿನ ಮೈಲಿಗಿ ಅದು. ಇರಾನ್ ಬ್ಯಾರೆ ವಿಷಯದಾಗ ಮುಚ್ಚಿಟ್ಟಿದ್ದು ಖರೆ, ಈ ವಿಷಯದಾಗ ಹೇಳಿದ್ದೂ ಖರೆ. ಎರಡೂ ಒಂದೇ ಪುಟದಾಗ ಬರೀಲಿಕ್ಕೆ ಬರೋರು ಬೇಕು ಈ ಕೆಲಸಕ್ಕ.

ದಿನದ ಕೆಲಸ ಅಂದ್ರ ಏನೂ ಸಿನಿಮಾ ಹಂಗಿರಂಗಿಲ್ಲ. ಐಎಇಎ ಮೂರು ತಿಂಗಳಿಗೊಮ್ಮೆ ತನ್ನ 35 ದೇಶಗಳ ಬೋರ್ಡಿಗೆ ಕೊಡೋ ವರದಿ ಬರ್ತದ, ಅದನ್ನ ಹಿಂದಿನ ವರದಿ ಪಕ್ಕಕ್ಕ ಇಟ್ಕೊಂಡು ಯಾವ ಶಬ್ದ ಬದಲಾತು, ಯಾವ ಅಂಕಿ ಬಿಟ್ಟಾರ ಅಂತ ಸಾಲು ಸಾಲು ಓದೋದು. ಖಾಸಗಿ ಸ್ಯಾಟಲೈಟ್ ಫೋಟೋ ನೋಡೋದು, ಕೂಲಿಂಗ್ ಟವರ್‌ನಿಂದ ಹಬಿ ಬರ್ಲಿಕತ್ತದನೋ ಇಲ್ಲೋ, ಗುಡ್ಡದ ಪಕ್ಕ ಹೊಸ ಮಣ್ಣಿನ ದಿಬ್ಬ ಯಾಕ ಬಂತು. ಕಸ್ಟಮ್ಸ್ ಡೇಟಾ, ಟೆಂಡರ್ ನೋಟಿಸ್, ಹಳೇ ಪಾರ್ಲಿಮೆಂಟ್ ಉತ್ತರಗಳು. ಆಮ್ಯಾಲೆ ಎರಡು ಪುಟದ ಟಿಪ್ಪಣಿ, ಯಾಕಂದ್ರ ನಿರ್ಧಾರ ಮಾಡೋರಿಗೆ ಎರಡು ಪುಟಕ್ಕಿಂತ ಜಾಸ್ತಿ ಓದ್ಲಿಕ್ಕೆ ಟೈಮ್ ಇರಂಗಿಲ್ಲ. ನಡುನಡುವ ಸೆಮಿನಾರು, ಒಮ್ಮೊಮ್ಮೆ ವಿಯೆನ್ನಾ, ಜಿನೀವಾ.

ಹೊರಗ ಹೋದಾಗ ಭಾರತದಾಕಿ ಅಂತ ನನ್ನ ಮುಂದ ಒಂದು ಪ್ರಶ್ನೆ ಗ್ಯಾರಂಟಿ ಬರ್ತದ, ನಿಮ್ಮ ದೇಶ ಎನ್‌ಪಿಟಿಗೆ ಸಹಿನೇ ಹಾಕಿಲ್ಲ, ನೀವು ಏನ್ ಹೇಳ್ತೀರಿ ಅಂತ. 1968ರಾಗ ಸಹಿಗೆ ಇಟ್ಟ ಒಪ್ಪಂದ ಅದು, 1970ರಾಗ ಜಾರಿ ಆತು, 1967ರ ಜನವರಿ 1ಕ್ಕಿಂತ ಮೊದಲು ಬಾಂಬ್ ಸಿಡಿಸಿದ ಐದು ದೇಶ ಇಟ್ಕೋಬಹುದು, ಉಳಿದವ್ರು ಮಾಡಬಾರ್ದು ಅಂತ. ಇದು ಸಮ ಇಲ್ಲ ಅಂತ ಭಾರತ ಅಂತು, ನನ್ನ ಪ್ರಕಾರ ಆ ಮಾತು ಆವತ್ತೂ ಸರಿ ಇವತ್ತೂ ಸರಿ. ಆದ್ರ ಒಪ್ಪಂದ ಸಮ ಇಲ್ಲ ಅಂದ ಮಾತ್ರಕ್ಕ ಅದು ಏನೂ ಮಾಡ್ಲಿಲ್ಲ ಅನ್ನೋದು ಸುಳ್ಳು. 1960ರ ದಶಕದಾಗ ಮುಂದ ಇಪ್ಪತ್ತು ಮೂವತ್ತು ದೇಶದ ಹತ್ರ ಬಾಂಬ್ ಇರ್ತಾವ ಅಂತ ಹೆದರಿದ್ರು, ಇವತ್ತಿಗೆ ಒಂಬತ್ತು. ನಾನು ಎರಡನ್ನೂ ಹೇಳ್ತೀನಿ, ಕೆಲವ್ರಿಗೆ ಇಲ್ಲಿ ಸೇರಂಗಿಲ್ಲ, ಕೆಲವ್ರಿಗೆ ಅಲ್ಲಿ ಸೇರಂಗಿಲ್ಲ.

ನಮ್ ರಾಜ್ಯದವ್ರಿಗೇ ಗೊತ್ತಿರದ ಒಂದು ವಿಷಯ ಹೇಳ್ತೀನಿ. ಕೂಡಂಕುಳಂಗ ಐಎಇಎ ಇನ್‌ಸ್ಪೆಕ್ಟರ್ ಬರ್ತಾರ, ನಮ್ಮ ಕೈಗಾಕ್ಕ ಬರಂಗಿಲ್ಲ. 2005ರ ಭಾರತ ಅಮೆರಿಕ ಮಾತುಕತಿ ಆದಮ್ಯಾಲೆ ನಾವು ನಮ್ಮ ರಿಯಾಕ್ಟರುಗಳನ್ನ ಎರಡು ಪಾಲು ಮಾಡಿ ಒಂದು ಪಾಲನ್ನ ಕಾವಲಿಗೆ ಒಪ್ಪಿಸಿದ್ವಿ, ಕೈಗಾದ ನಾಲ್ಕೂ ಘಟಕ ಆ ಪಾಲಿನಾಗ ಇಲ್ಲ. ಮತ್ತ ಗೌರಿಬಿದನೂರು ಅದಲ್ಲ, ಅಲ್ಲಿ 1960ರ ದಶಕದಾಗ ಬ್ರಿಟನ್ ಸಹಾಯದಿಂದ ನಮ್ಮ ಅಣು ಸಂಶೋಧನಾ ಕೇಂದ್ರ ಬಾರ್ಕ್ ಹಾಕಿದ ಭೂಕಂಪ ಮಾಪಕಗಳ ಸಾಲು ಅದ, ಬ್ಯಾರೆ ದೇಶ ನೆಲದೊಳಗ ಬಾಂಬ್ ಸಿಡಿಸಿದ್ರ ಕೇಳಿಸಿಕೊಳ್ಳೋ ಸಲುವಾಗಿ. 1974ರ ಪೋಖ್ರಾನ್ ಪರೀಕ್ಷೆ ಮುಂದ ನಿಂತು ಮಾಡಿಸಿದ ರಾಜಾ ರಾಮಣ್ಣ ತುಮಕೂರು ಜಿಲ್ಲಾದವ್ರು. ಅಂದ್ರ ಈ ವಿಷಯ ನಮ್ಮ ನೆಲಕ್ಕ ಹೊರಗಿಂದು ಅಲ್ಲವೇ ಅಲ್ಲ.

2025ರ ಮೇ ತಿಂಗಳು ನೆನಪದನಾ? ಪಾಕಿಸ್ತಾನದ ಜೋಡಿ ಲಡಾಯಿ ನಡದಾಗ ವಾಟ್ಸಾಪಿನಾಗೆಲ್ಲ ಅವ್ರ ಕಿರಾಣಾ ಹಿಲ್ಸ್ ಅನ್ನೋ ಗುಡ್ಡದಾಗಿನ ಅಣು ಗೋದಾಮಿಗೆ ಹೊಡದಾರ, ರೇಡಿಯೇಷನ್ ಸೋರ್ಲಿಕತ್ತದ ಅಂತ. ನಮ್ಮ ಮಾಮಾ ರಾತ್ರಿ ಫೋನ್ ಹಚ್ಚಿ, ಅವ್ವಾ ಖರೆ ಹೇಳು, ಗಾಳಿ ಈ ಕಡಿ ಬರ್ತದೇನು ಅಂದ್ರು, ಧ್ವನಿ ನಡಗ್ತಿತ್ತು. ನಮ್ಮ ವಾಯುಪಡೆಯವ್ರು ಅಲ್ಲಿ ಹೊಡದಿಲ್ಲ ಅಂದ್ರು, ಆಮ್ಯಾಲೆ ಐಎಇಎ ಕೂಡ ಪಾಕಿಸ್ತಾನದ ಯಾವ ಅಣು ಸ್ಥಾವರದಿಂದಲೂ ಸೋರಿಕೆ ಇಲ್ಲ ಅಂತ ಹೇಳ್ತು. ಆ ರಾತ್ರಿ ನಾನು ಮಾಮಾಗ ಹೇಳಿದ್ದು ಒಂದು ಹಳೇ ಕಾಗದದ ಬಗ್ಗೆ. 1988ರ ಡಿಸೆಂಬರ್ 31ಕ್ಕ ರಾಜೀವ್ ಗಾಂಧಿ, ಬೆನಜೀರ್ ಭುಟ್ಟೋ ಕಾಲದಾಗ ಎರಡೂ ದೇಶ ಒಂದು ಒಪ್ಪಂದ ಮಾಡ್ಕೊಂಡ್ವು, ಒಬ್ಬರ ಅಣು ಸ್ಥಾವರದ ಮ್ಯಾಲ ಇನ್ನೊಬ್ಬರು ದಾಳಿ ಮಾಡಬಾರ್ದು ಅಂತ. 1992ರ ಜನವರಿ 1ರಿಂದ ಪ್ರತಿ ಹೊಸ ವರ್ಷದ ದಿನ ಇಬ್ಬರೂ ತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸ್ಕೋತಾರ. 2001ರ ಡಿಸೆಂಬರ್‌ನಾಗ ಪಾರ್ಲಿಮೆಂಟ್ ಮ್ಯಾಲ ದಾಳಿ ಆಗಿ ಗಡಿ ತುಂಬ ಸೈನ್ಯ ನಿಂತಿತ್ತಲ್ಲ, ಆ ಜನವರಿ 1ಕ್ಕೂ ಪಟ್ಟಿ ಹೋಯ್ತು. ಕಾರ್ಗಿಲ್ ಆದ ಮ್ಯಾಲೂ, ಪುಲ್ವಾಮಾ ಆದ ಮ್ಯಾಲೂ ನಿಲ್ಲಲಿಲ್ಲ. ಪೇಪರ್‌ನಾಗ ಎರಡು ಸಾಲು ಬರ್ತದ, ಯಾರೂ ಓದಂಗಿಲ್ಲ. ನನ್ನ ಕೇಳಿದ್ರ ಈ ಉಪಖಂಡದಾಗ ಮಾಡಿದ ಅತಿ ಛೊಲೊ ಕೆಲಸದಾಗ ಇದೊಂದು, ಇರಾನಿನ ಮ್ಯಾಲ ಬಿದ್ದ ಬಾಂಬ್ ನೋಡಿದ ಮ್ಯಾಲ ಇದರ ಕಿಮ್ಮತ್ತು ಇನ್ನೂ ಏರ್ಯಾದ. ಇಂಥದ್ದೊಂದು ಕಾಗದ ಪಶ್ಚಿಮ ಏಷ್ಯಾದಾಗ ಇಲ್ಲ. ಯಾರರ ಕುಂತು ಅದನ್ನ ಅಲ್ಲಿಗೆ ಹೆಂಗ ಹೊಂದಿಸ್ಬಹುದು ಅಂತ ಬರೀಬೇಕು, ಭಾರತ ಪಾಕಿಸ್ತಾನದ ಅನುಭವ ಇರೋ ನಮ್ಮವ್ರೇ ಬರೀಬೇಕು ಅಂತ ನನಗ ಭಾಳ ಅನ್ನಿಸ್ತದ.

ಈಗ ಸೇರೋದು ಹೆಂಗ ಅನ್ನೋದು. ಬಿಎ, ಬಿಕಾಂ, ಬಿಎಸ್ಸಿ ಯಾವುದಿದ್ರೂ ನಡೀತದ, ಆಮ್ಯಾಲೆ ಇಂಟರ್‌ನ್ಯಾಷನಲ್ ರಿಲೇಷನ್ಸ್ ಅಥವಾ ಸೆಕ್ಯುರಿಟಿ ಸ್ಟಡೀಸ್‌ನಾಗ ಎಂಎ ಬೇಕು. ಜೆಎನ್‌ಯುದಾಗ ನಿಶ್ಶಸ್ತ್ರೀಕರಣನೇ ವಿಷಯ ಮಾಡಿ ಓದಿಸೋ ಸೆಂಟರ್ ಅದ. ಬೆಂಗಳೂರಿನಾಗ ರಾಜಾ ರಾಮಣ್ಣನವ್ರೇ ಮೊದಲ ಡೈರೆಕ್ಟರ್ ಆಗಿದ್ದ ನಿಯಾಸ್ ಅನ್ನೋ ಸಂಶೋಧನಾ ಸಂಸ್ಥೆ ಅದ, ದಿಲ್ಲಿಯೊಳಗ 1965ರಿಂದ ಇರೋ ರಕ್ಷಣಾ ಸಂಶೋಧನಾ ಸಂಸ್ಥೆ ಐಡಿಎಸ್‌ಎ ಅದ. ಹುಡುಗ್ಯಾರಿಗೆ ಐಎಇಎದ ಮೇರಿ ಕ್ಯೂರಿ ಹೆಸರಿನ ಫೆಲೋಶಿಪ್ 2020ರಿಂದ ಅದ, ಮಾಸ್ಟರ್ಸ್ ಓದೋರಿಗೆ, ನಾನ್‌ಪ್ರೊಲಿಫರೇಷನ್ ವಿಷಯಕ್ಕೂ ಕೊಡ್ತಾರ, ಇದನ್ನ ಮರೀಬ್ಯಾಡ್ರಿ. ವಿಯೆನ್ನಾದಾಗ ಒಂದೆರಡು ವಾರದ ಕೋರ್ಸ್ ನಡೆಸೋ ಸೆಂಟರ್‌ಗಳು ಅವ. ಪಗಾರ ಶುರುವಿನಾಗ ಬ್ಯಾಂಕ್ ನೌಕರಿಗಿಂತ ಕಮ್ಮಿನೇ, ಕಾಂಟ್ರ್ಯಾಕ್ಟ್ ಮ್ಯಾಲ ಇರ್ತದ, ಒಂದು ಪ್ರಾಜೆಕ್ಟ್ ಮುಗಿದ್ರ ಮುಂದಿಂದು ಹುಡುಕ್ಬೇಕು. ಮನಿ ಮಂದಿಗೆ ಇದನ್ನ ಮೊದಲೇ ಹೇಳ್ರಿ. ಇಂಗ್ಲಿಷ್ ಬೇಕು, ಮಾತಾಡೋ ಇಂಗ್ಲಿಷಿಗಿಂತ ಓದೋ ಇಂಗ್ಲಿಷ್ ಬೇಕು, ಒಂದು ಪ್ಯಾರಾ ನಾಲ್ಕು ಸಲ ಓದೋ ತಾಳ್ಮಿ ಬೇಕು. ನಾನೂ ಏಳನೇತ್ತಾ ತನಕ ಕನ್ನಡ ಸಾಲಿಯಾಗೇ ಓದಿದಾಕಿ.

ಎಲ್ಲಿಂದ ಶುರು ಮಾಡ್ಲಿ ಅಂದ್ರ ಎನ್‌ಪಿಟಿ ಒಪ್ಪಂದನೇ ಓದ್ರಿ, ಹನ್ನೊಂದೇ ಕಲಮು, ಒಂದು ಕುಂದ್ರಿಕಿಯಾಗ ಮುಗೀತದ. ಮೂರು ತಿಂಗಳ ನೋಟಿಸ್ ಕೊಟ್ಟು ಹೊರಗ ಹೋಗ್ಬಹುದು ಅಂತ ಹತ್ತನೇ ಕಲಮಿನಾಗ ಅದ, ಉತ್ತರ ಕೊರಿಯಾ ಹೋದ ಬಾಗಿಲು ಅದೇ. ಆಮ್ಯಾಲೆ ಐಎಇಎದ 153 ನಂಬರಿನ ದಸ್ತಾವೇಜು, ಅದರ 28ನೇ ಪ್ಯಾರಾ. ಬಾಂಬಿಗಾಗೋವಷ್ಟು ಮಾಲು ಬ್ಯಾರೆ ಕಡಿ ಹೋದ್ರ ಟೈಮಿಗೆ ಸರಿಯಾಗಿ ಕಂಡುಹಿಡೀಬೇಕು ಅಂತ ಅಲ್ಲಿ ಬರೆದದ. ಕಾಕಾನ ಮಗ ಹೋದ ತಿಂಗಳು ಅದನ್ನ ಓದಿ ಸರಿಯಾದ ಪ್ರಶ್ನೆ ಕೇಳ್ದ, ಅಕ್ಕಾ ಟೈಮಿಗೆ ಅಂದ್ರ ಎಷ್ಟು ದಿನ? ಆ ಪ್ಯಾರಾದಾಗ ಅದು ಇಲ್ಲ, ಸಂಸ್ಥೆ ತಾನು ಇಟ್ಕೊಂಡ ಗುರಿ ಬ್ಯಾರೆ ಅದ. ನೆಲದಿಂದ ತಗದ ಯುರೇನಿಯಂ, ಕಮ್ಮಿ ಎನ್‌ರಿಚ್ ಆದದ್ದು ಇದ್ರ ವರ್ಷದೊಳಗ. ಉರಿದ ಇಂಧನ ಇದ್ರ ಮೂರು ತಿಂಗಳು. ನೇರ ಬಾಂಬಿಗೆ ಹೋಗ್ಬಹುದಾದ ಮಾಲು, ಅಂದ್ರ ಪ್ಲುಟೋನಿಯಂ ಅಥವಾ 20 ಪರ್ಸೆಂಟ್ ಮತ್ತ ಮ್ಯಾಲಿನ ಯುರೇನಿಯಂ ಇದ್ರ ಒಂದು ತಿಂಗಳು. ಇರಾನಿನ 60 ಪರ್ಸೆಂಟಿನ ಮಾಲು ಈ ಮೂರನೇದು. 2025ರ ಜೂನ್ ಆದಮ್ಯಾಲೆ ತಿಂಗಳುಗಟ್ಟಲೆ ಇನ್‌ಸ್ಪೆಕ್ಟರ್‌ಗಳಿಗೆ ಅದನ್ನ ಕಣ್ಣಾರೆ ನೋಡ್ಲಿಕ್ಕೆ ಆಗಿಲ್ಲ, ಎಷ್ಟು ಉಳದದ, ಎಲ್ಲದ ಅಂತ ಅಳೆದು ಹೇಳ್ಲಿಕ್ಕೆ ಆಗಿಲ್ಲ. ಹಿಂಗ ನಡುವ ಕಣ್ಣು ತಪ್ಪಿದ ಲೆಕ್ಕವನ್ನ ಮತ್ತ ಹೊಂದಿಸೋದು ಹೆಂಗ, ದಕ್ಷಿಣ ಆಫ್ರಿಕಾದಾಗ ಮಾಡಿದಂಗ ಹಳೇ ರಜಿಸ್ಟರ್ ಹಿಡಿದು ಮಾಡ್ಲಿಕ್ಕೆ ಬರ್ತದನೋ, ಬಾಂಬ್ ಬಿದ್ದ ಸುರಂಗದಾಗಿಂದು ಹೆಂಗ ತೂಗೋದು, ಸದ್ಯ ಇದರ ಮ್ಯಾಲೇ ಬರೀಲಿಕತ್ತೀನಿ, ಟೇಬಲ್ ಹಾಕೋ ಕೆಲಸ ಕಾಕಾನ ಮಗಗ ಕೊಟ್ಟೀನಿ.